ಪರ್ಮಿಟ್ಟಿನ ಮೀನು

ಮೀನು ಗಾಳ ಕಚ್ಚಿ ಹೊಳೆಯ ನಡುವಿನಿಂದ ಬಂಡೆಯ ಕಡೆಗೆ ನುಗ್ಗಿದ ರಭಸಕ್ಕೆ ನಿರಂಜನನ ಕೈಯಲ್ಲಿದ್ದ ಕೋಲು ಮುರಿಯುವಷ್ಟು ಬಾಗಿತು. ರೀಲು ಕಿರ್ರೆಂದು ಕಿರುಚಿತು. ಸೊಂಟದುದ್ದ ನೀರಿನಲ್ಲಿ ನಿಂತಿದ್ದ ದೇವೇಂದ್ರ, "ಎಳೀಬೇಡಿ ಸಾರ್, ದಾರ ಬಿಡಿ, ಇನ್ನೂ ಬಿಡಿ, ಅದು ಸುಸ್ತಾಗ್ಲಿ" ಎಂದು ಕೂಗುತ್ತಲೇ ಇದ್ದ. ಮುಕ್ಕಾಲು ಗಂಟೆ ಆ ಮೀನು ಹೊಡೆದಾಡಿತು. ಎರಡು ಸಲ ಬಂಡೆಗೆ ತಲೆ ಚಚ್ಚಿಕೊಂಡಿತು. ಒಂದು ಸಲ ದೇವೇಂದ್ರನ ಮೊಣಕಾಲಿಗೆ ಬಾಲ ಬೀಸಿ ಅವನನ್ನು ಕೆಡವಿತು. ಕೊನೆಗೆ ಬಾಯಿ ತೆರೆದುಕೊಂಡು, ಅಂಗೈಯಗಲದ ಹುರುಪೆಗಳ ಮೇಲೆ ನೆತ್ತರು ಇಳಿಸಿಕೊಂಡು, ಮರಳಿಗೆ ಹೊಟ್ಟೆ ಉಜ್ಜುತ್ತ ದಂಡೆಗೆ ಬಂತು. ಇಪ್ಪತ್ತೆರಡು ಕಿಲೋ ಮಹಶೀರ್. ಹೊಳೆ ಪಕ್ಕದವರು ಅದನ್ನು ದೇವರ ಮೀನು ಎನ್ನುತ್ತಾರೆ. ದೇವರ ಮೀನಿಗೇ ಈ ಗತಿ ಎಂದ ಮೇಲೆ ಉಳಿದವರ ಮಾತೇಕೆ?

ಇದಕ್ಕೆ ಮೋಜು ಎಂದು ಹೆಸರು. ಮೋಜಿಗೆ ಪರ್ಮಿಟ್ಟೂ ಇತ್ತು. ಕಳಸದಿಂದ ಕೆಳಗೆ ಭದ್ರಾ ಹೊಳೆ ಹೊಸಗುಂಡಿ ಎಸ್ಟೇಟನ್ನು ಸುತ್ತಿಕೊಂಡು ಹೋಗುವ ಒಂದೂವರೆ ಮೈಲಿಯಲ್ಲಿ ಗಾಳ ಹಾಕಿಸಲು ಎಸ್ಟೇಟಿನ ಮಾಲೀಕರಾದ ಜಯದೇವಪ್ಪನವರು ಮೀನುಗಾರಿಕೆ ಇಲಾಖೆಯಿಂದ ಪರ್ಮಿಟ್ ತಂದಿದ್ದರು. ಅದರ ನಿಯಮಗಳನ್ನು ಹಸಿರು ಬೋರ್ಡಿನ ಮೇಲೆ ಬರೆಸಿ, ಅತಿಥಿಗಳಿಗೆಂದು ಹೊಳೆ ದಂಡೆಯಲ್ಲಿ ನಡೆಸುತ್ತಿದ್ದ ಕ್ಯಾಂಪಿನ ಬಾಗಿಲಿಗೆ ನಿಲ್ಲಿಸಿದ್ದರು. ಒಬ್ಬರಿಗೆ ಒಂದೇ ಕೋಲು, ಕೋಲಿಗೆ ಒಂದೇ ಕೊಕ್ಕೆ, ಕೊಕ್ಕೆಯ ಮುಳ್ಳು ಚಪ್ಪಟೆ ಮಾಡಿರಬೇಕು. ಹಿಡಿದ ಮೀನನ್ನು ತೂಗಿ, ಫೋಟೋ ತೆಗೆದು, ಆ ಕ್ಷಣವೇ ನೀರಿಗೆ ಬಿಡಬೇಕು. ಇಟ್ಟುಕೊಳ್ಳುವಂತಿಲ್ಲ, ಕಟ್ಟಿಹಾಕುವಂತಿಲ್ಲ, ತಿನ್ನುವ ಮಾತಂತೂ ಇಲ್ಲವೇ ಇಲ್ಲ. ಕ್ಯಾಂಪಿನವರ ತಪ್ಪಿನಿಂದ ಒಂದು ಮೀನು ಸತ್ತರೂ ಪರ್ಮಿಟ್ ರದ್ದು. ಹೊಳೆಯ ದಂಡೆಯಲ್ಲೇ ಹುಟ್ಟಿ ಬೆಳೆದವರು ಗಾಳ ಹಾಕಬಾರದೆಂದು ಆ ಬೋರ್ಡಿನಲ್ಲಿ ಎಲ್ಲಿಯೂ ಬರೆದಿರಲಿಲ್ಲ, ಸುಳ್ಳು ಹೇಳಬಾರದು. ಗಾಳ ಹಾಕುವವರು ಕ್ಯಾಂಪಿನ ಅತಿಥಿಗಳಾಗಿರಬೇಕು ಎಂದಷ್ಟೇ ಬರೆದಿತ್ತು.

ಈ ನಿಯಮಗಳನ್ನು ಕಾಯುವವನು ದೇವೇಂದ್ರ. ಕ್ಯಾಂಪಿನ ವಾಚರ್. ಎಸ್ಟೇಟಿನ ಕೂಲಿ ಲೈನಿನಲ್ಲೇ ಹುಟ್ಟಿದವನು, ಮೂವತ್ತೊಂದು ವಯಸ್ಸು, ಹೊಳೆಯ ಪ್ರತಿ ಗುಂಡಿಯ ಆಳ ಬಲ್ಲವನು. ಕಾಫಿ ಕೊಯ್ದು, ಮರ ಹತ್ತಿ ಮೆಣಸು ಬಿಡಿಸಿ ಸವೆದುಹೋದ ಅಪ್ಪನ ಬದುಕು ತನಗೆ ಬೇಡ ಎಂದು ಹಟ ಹಿಡಿದಿದ್ದವನಿಗೆ ಈ ಕೆಲಸ ಸಿಕ್ಕಿ ಮೂರು ವರ್ಷವಾಗಿತ್ತು. ಅದನ್ನು ಉಳಿಸಿಕೊಳ್ಳಲು ಅವನು ಏನು ಬೇಕಾದರೂ ಮಾಡುತ್ತಿದ್ದ. ಮಾಡಿಯೂ ಇದ್ದ.

ನಿರಂಜನ ಬೆವರು ಒರೆಸಿಕೊಂಡು ಆಕಾಶ ನೋಡಿದ. ಬೆಂಗಳೂರಿನವನು, ದೇಶ ದೇಶ ಸುತ್ತಿ ಗಾಳ ಹಾಕಿದವನು. ಗುಡ್ಡದ ಹಿಂದೆ ಸೂರ್ಯ ಇಳಿದು ಹೊಳೆಯ ಮೇಲೆ ಬೆಳಕು ಸತ್ತಿತ್ತು.

"ಫೋಟೋ ಸರಿಯಾಗಿ ಬರಲ್ಲ. ಬೆಳಿಗ್ಗೆ ನನ್ನ ಮಗಳು ಬರ್ತಾಳೆ, ಅವಳ ಜೊತೆ ತೆಗೀಬೇಕು ಅಂತ ಆಸೆ. ಒಂದು ರಾತ್ರಿ ಇಟ್ಕೊಳ್ಳೋಕೆ ಆಗುತ್ತಾ?"

"ಬೋರ್ಡ್ ನೋಡಿದ್ರಲ್ಲ ಸಾರ್."

"ನಂಗೆ ಬೋರ್ಡ್ ಹೊಸದಲ್ಲ ಕಣಯ್ಯ. ಅಮೆರಿಕದಲ್ಲಿ ಸಮುದ್ರದ ದಂಡೆ ಮೇಲೆ ನಿಂತು ಶಾರ್ಕ್ ಹಿಡಿದಿದ್ದೀನಿ. ಅಲ್ಲಿ ಶಾರ್ಕಿಗೂ ಪರ್ಮಿಟ್. ಮೊದಲು ಪಾಠ ಓದಿಸ್ತಾರೆ, ಆಮೇಲೆ ಕೊಡ್ತಾರೆ. ಕೆಲವು ಜಾತಿದನ್ನ ನೀರಿಂದ ಮೇಲಕ್ಕೇ ಎತ್ತೋ ಹಾಗಿಲ್ಲ, ಅಲ್ಲೇ ದಾರ ಕತ್ತರಿಸಿ ಬಿಡಬೇಕು. ಬಂದು ಚೆಕ್ ಮಾಡ್ತಾರೆ. ಇಲ್ಲಿ ಚೆಕ್ ಮಾಡೋದು ಯಾರು?"

"ನಾನೇ ಸಾರ್" ಎಂದ ದೇವೇಂದ್ರ. ಇಬ್ಬರೂ ನಕ್ಕರು.

ಬೇಲಿಯೇ ಎದ್ದು ಹೊಲ ಮೇಯುವುದು ಹೀಗೆ, ನಗುನಗುತ್ತಲೇ. ದೇವೇಂದ್ರ ಸೊಂಟದ ಚೂರಿ ತೆಗೆದು ಮೀನಿನ ಕೆಳದವಡೆಯ ತೊಗಲಿನಲ್ಲಿ ತೂತು ಮಾಡಿ, ನೂಲಿನ ಹಗ್ಗ ಪೋಣಿಸಿ, ದಂಡೆಯ ಹೊಳೆಮತ್ತಿ ಮರದ ಬೇರಿಗೆ ಕರು ಕಟ್ಟಿದಂತೆ ಕಟ್ಟಿದ. ಹರಿಯುವ ನೀರು, ಉದ್ದದ ಹಗ್ಗ, ಮೀನು ಬೆಳಗಿನ ತನಕ ಆರಾಮಾಗಿರುತ್ತದೆ. ಇದು ಅವನು ಹಳೆಯ ವಾಚರುಗಳಿಂದ ಕಲಿತ ಕಸುಬು. ಫೋಟೋ ಕೇಳಿದ ಅತಿಥಿಗಳಿಗೆ ಹೀಗೆ ಎಷ್ಟೋ ಸಲ ಮಾಡಿಕೊಟ್ಟಿದ್ದ. ಒಂದು ಮೀನೂ ಸತ್ತಿರಲಿಲ್ಲ. ಮರುದಿನ ಹನ್ನೊಂದಕ್ಕೆ ಇಲಾಖೆಯ ಅರುಣಾ ಮೇಡಂ ಪರ್ಮಿಟ್ ನವೀಕರಣಕ್ಕೆಂದು ತಪಾಸಣೆಗೆ ಬರುವವರಿದ್ದರು. ಎಂಟಕ್ಕೆ ಫೋಟೋ, ಎಂಟೂ ಕಾಲಿಗೆ ಮೀನು ನೀರಿಗೆ, ಹನ್ನೊಂದಕ್ಕೆ ಮೇಡಂಗೆ ಕಾಫಿ. ಲೆಕ್ಕ ಸರಿಯಾಗಿಯೇ ಇತ್ತು.

ಅವನಿಗೆ ತಿಳಿಯದ ಸಂಗತಿಯೊಂದಿತ್ತು. ಜನವರಿ ತಿಂಗಳು, ಅರೇಬಿಕಾ ಕೊಯ್ಲಿನ ಕೊನೆ. ಹೊಳೆಯಿಂದ ಮೇಲಿದ್ದ ಪಲ್ಪರ್ ಮನೆಯಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿದು ತೊಳೆದ ನೀರೆಲ್ಲ ಗುಂಡಿಯಲ್ಲಿ ತುಂಬಿ ಕೊಳೆತು ನಾರುತ್ತಿತ್ತು. ಆ ನಾತ ಅತಿಥಿಗಳ ಕಾಟೇಜಿನ ತನಕ ಬರುತ್ತಿತ್ತು. ಮೇಡಂ ಮೂಗಿಗೂ ಬಡಿದರೆ ಕಷ್ಟ ಎಂದು ಜಯದೇವಪ್ಪನವರು ನಸುಕಿಗೆ ಮುಂಚೆಯೇ ಗುಂಡಿಯ ಕಟ್ಟೆ ಒಡೆಸಿ ನೀರನ್ನು ಹೊಳೆಗೆ ಬಿಡಿಸಿದರು.

ಬೆಳಿಗ್ಗೆ ಆರೂವರೆಗೆ ದೇವೇಂದ್ರ ಹೊಳೆಗಿಳಿದಾಗ ನೀರು ಕಂದು ಬಣ್ಣಕ್ಕೆ ತಿರುಗಿತ್ತು. ಬಂಡೆಗಳ ಸಂದಿಯಲ್ಲಿ ನೊರೆ ನಿಂತಿತ್ತು. ಹುಳಿ ಹಿಡಿದ ಕಾಫಿ ಸಿಪ್ಪೆಯ ವಾಸನೆ ಗಂಟಲಿಗೆ ಹತ್ತುತ್ತಿತ್ತು. ಹೊಳೆಯಲ್ಲಿದ್ದ ಮೀನೆಲ್ಲ ಆ ನೀರು ಬರುತ್ತಿದ್ದ ಹಾಗೆ ಕೆಳಕ್ಕೆ ಓಡಿದ್ದವು. ಓಡಲಾರದ್ದು ಒಂದೇ. ಅದು ಹಗ್ಗ ಜಗ್ಗಿ ಜಗ್ಗಿ ದವಡೆಯ ತೂತನ್ನು ಎರಡು ಬೆರಳಗಲ ಹರಿದುಕೊಂಡಿತ್ತು. ಆದರೂ ಹಗ್ಗ ಬಿಟ್ಟಿರಲಿಲ್ಲ. ಬಿಳಿ ಹೊಟ್ಟೆ ಮೇಲೆ ಮಾಡಿಕೊಂಡು, ಬಾಯಿ ತೆರೆದುಕೊಂಡು, ಬೇರಿನ ಬುಡದಲ್ಲಿ ತೇಲುತ್ತಿತ್ತು.

ದೇವೇಂದ್ರ ಅದನ್ನು ದಂಡೆಗೆ ಎಳೆದು ಹಾಕಿದ. ಹಗ್ಗ ಕತ್ತರಿಸಿ ಪೊದೆಗೆ ಎಸೆದ. ಆಮೇಲೆ ಬಂಗಲೆಗೆ ಓಡಿದ.

ಜಯದೇವಪ್ಪನವರು ಜಗುಲಿಯಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದರು. ದೇವೇಂದ್ರ ಹೇಳಿದ್ದನ್ನೆಲ್ಲ ಕೇಳುತ್ತ ಲೋಟ ಖಾಲಿ ಮಾಡಿದರು. ಬಯ್ಯಲಿಲ್ಲ.

"ಬಾಯಿ ತೆರ್ಕೊಂಡು ಸತ್ತಿದೆ ಅಂದೆ ಅಲ್ವಾ?"

"ಹೌದು ಅಯ್ಯಾ."

"ಕಾರೆಕಾಯಿ ಹಾಕಿದ್ರೂ ಹಾಗೇ ಸಾಯೋದಲ್ವಾ? ಹೋದ ವರ್ಷ ಅಜ್ಜಿಗುಂಡಿಲಿ ಆರು ಮೀನು ಸತ್ತಿದ್ವಲ್ಲ. ನೀನೇ ಕಳ್ಳನ್ನ ಹಿಡಿದಿದ್ದೆ. ಅವನೇ ಮತ್ತೆ ಹಾಕಿದಾನೆ, ಅಲ್ವಾ?"

ಅವನು ಎಂದರೆ ತಮ್ಮಯ್ಯ. ಲೈನಿನ ಕೊನೆಮನೆಯ ಮುದುಕ, ನಲವತ್ತು ವರ್ಷ ಎಸ್ಟೇಟಿನಲ್ಲಿ ದುಡಿದು ಈಗ ಹೆಂಡತಿ ಸಿದ್ದಮ್ಮನ ಜೊತೆ ನಾಲ್ಕು ಕೋಳಿ ಸಾಕಿಕೊಂಡು ಇದ್ದವನು. ದೇವೇಂದ್ರ ಚಿಕ್ಕಂದಿನಿಂದ ಅವನನ್ನು ಮಾವ ಎಂದೇ ಕರೆಯುತ್ತಿದ್ದ. ಕಾರೆಕಾಯಿ ಜಜ್ಜಿ ಹೊಳೆಗೆ ಹಾಕಿದರೆ ಮೀನಿಗೆ ಅಮಲೇರಿ ತೇಲುತ್ತದೆ, ಮಲೆನಾಡಿನ ಹಳೆಯ ಶಿಕಾರಿ ಅದು. ಹೋದ ಜನವರಿಯಲ್ಲಿ ಆರು ಮೀನು ತೇಲಿದ ದಿನ ತಮ್ಮಯ್ಯ ಕಾರೆಕಾಯಿಯ ಚೀಲ ಹೊತ್ತು ಹೊಳೆ ದಾರಿಯಲ್ಲಿ ಸಿಕ್ಕಿದ್ದ. ಕಂಬಳಿ ಒಗೆಯುವುದಕ್ಕೆ ಎಂದಿದ್ದ. ಅದಕ್ಕೂ ಬಳಸುತ್ತಾರೆ ಎನ್ನುವುದು ದೇವೇಂದ್ರನಿಗೆ ಗೊತ್ತಿತ್ತು. ಆದರೆ ಧಣಿಗೆ ಕಳ್ಳ ಬೇಕಾಗಿದ್ದ, ದೇವೇಂದ್ರನಿಗೆ ಧಣಿಯ ಮೆಚ್ಚುಗೆ ಬೇಕಾಗಿತ್ತು. ಬಿದಿರಿನ ದೊಣ್ಣೆ ತೆಗೆದುಕೊಂಡು ಹೊಡೆದ. ಎರಡನೆಯ ಏಟಿಗೆ ಮುದುಕನ ಎಡ ಮಣಿಕಟ್ಟು ಮುರಿಯಿತು. ನಾಲ್ಕನೆಯದಕ್ಕೆ, "ನಾನೇ ಹಾಕಿದ್ದು, ನಾನೇ, ಬಿಡು ಮಾರಾಯ" ಎಂದು ಅಳುತ್ತ ಒಪ್ಪಿಕೊಂಡ. ಏಟು ನಿಂತಿತು. ತಪ್ಪೊಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಬಿಟ್ಟರು. ಮಾರನೆಯ ದಿನದಿಂದ ಲೈನಿನ ಮಕ್ಕಳೂ ಅವನನ್ನು ಮೀನುಕಳ್ಳ ಎಂದರು.

"ಏನು, ಹೌದು ತಾನೇ?" ಎಂದರು ಜಯದೇವಪ್ಪನವರು. "ಪರ್ಮಿಟ್ ಹೋದ್ರೆ ಕ್ಯಾಂಪ್ ಬಾಗಿಲು ಹಾಕ್ತೀನಿ. ನಿಂಗೆ ನಾಳೆಯಿಂದ ತೋಟದಲ್ಲಿ ಕಾಫಿ ಕೊಯ್ಯೋ ಕೆಲಸ. ಮಾಡ್ತೀಯ?"

ಕಾರೆಕಾಯಿ ಹರಿಯುವ ನೀರಿನಲ್ಲಿ ನಿಲ್ಲುವುದಿಲ್ಲ, ನಿಂತ ಗುಂಡಿಯಲ್ಲಿ ಮಾತ್ರ ಕೆಲಸ ಮಾಡುತ್ತದೆ. ತಾನು ಮೀನು ಕಟ್ಟಿದ್ದು ಹರಿಯುವ ನೀರಿನಲ್ಲಿ. ದೇವೇಂದ್ರನಿಗೆ ಇದೆಲ್ಲ ಅಂಗೈ ಮೇಲಿನ ನೆಲ್ಲಿಕಾಯಿ. ಆದರೂ ಅವನು, "ಹ್ಞೂಂ ಅಯ್ಯಾ" ಎಂದ. ಅಷ್ಟೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಬರೆಯ ಕಬ್ಬಿಣ ಕಾಯಿಸಿಕೊಡಲು ಒಂದು ಹ್ಞೂಂ ಸಾಕು.

ಜಯದೇವಪ್ಪನವರು ಫೋನ್ ತೆಗೆದು ಮೇಸ್ತ್ರಿ ದಾಸಯ್ಯನಿಗೆ ಹೇಳಿದರು: "ತಮ್ಮಯ್ಯನ್ನ ಕಣಕ್ಕೆ ಕರ್ಕೊಂಡ್ ಬಾ. ಮತ್ತೆ ಕಾರೆಕಾಯಿ ಹಾಕಿದಾನೆ, ದೇವೇಂದ್ರ ಕಣ್ಣಾರೆ ನೋಡಿದಾನೆ. ಮೇಡಂ ಬರೋದ್ರೊಳಗೆ ಒಪ್ಪಿಸು."

ಕಣ್ಣಾರೆ ನೋಡಿದ್ದೇನೆ ಎಂದು ನಾನು ಹೇಳಲಿಲ್ಲವಲ್ಲ ಎಂದುಕೊಂಡ ದೇವೇಂದ್ರ. ಇಲ್ಲ ಎಂದೂ ಹೇಳಲಿಲ್ಲ. ಹೆಬ್ಬೆಟ್ಟು ಒತ್ತಿಸಿ ಬಿಡುತ್ತಾರೆ, ಒಂದೆರಡು ಏಟು ಬೀಳಬಹುದು, ಮುದುಕ ಬೇಗ ಒಪ್ಪಿಕೊಳ್ಳುತ್ತಾನೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಹೊಳೆಗೆ ಇಳಿದ.

ಅಲ್ಲಿ ನಿರಂಜನ ಮಗಳ ಜೊತೆ ಆಗಲೇ ಬಂದು ನಿಂತಿದ್ದ. ಸತ್ತ ಮೀನು ನೋಡಿ "ಛೆ ಛೆ" ಎಂದು ತಲೆ ಕೊಡವಿದ. ಆಮೇಲೆ, "ಫೋಟೋದಲ್ಲಿ ಗೊತ್ತಾಗಲ್ಲ ಅಲ್ವಾ?" ಎಂದು ಕೇಳಿದ. ಮೀನಿನ ಕಣ್ಣಿಗೆ ನೀರು ಚಿಮುಕಿಸಿ ಹೊಳಪು ಬರಿಸಿ, ಇಬ್ಬರೂ ಎರಡು ಕಡೆಯಿಂದ ಎತ್ತಿ ಹಿಡಿದು ನಕ್ಕರು. ಫೋಟೋ ತೆಗೆದವನು ದೇವೇಂದ್ರನೇ. ಒಂಬತ್ತಕ್ಕೆಲ್ಲ ಅವರ ಕಾರು ಗೇಟು ದಾಟಿ ಹೋಯಿತು. ಶಾರ್ಕ್ ಹಿಡಿದ ಗಂಡಸು, ತಪಾಸಣೆಯ ಹೊತ್ತಿಗೆ ಅಲ್ಲಿರಬಾರದೆಂಬ ಪಾಠ ಚೆನ್ನಾಗಿ ಓದಿದ್ದ.

ದೇವೇಂದ್ರ ಮೀನನ್ನು ಗೋಣಿಯ ಮೇಲೆ ಹಾಕಿ ಕ್ಯಾಂಪಿಗೆ ಎಳೆಯುತ್ತಿದ್ದಾಗ ಸಿದ್ದಮ್ಮ ಕಾಫಿ ಗಿಡಗಳ ನಡುವಿನಿಂದ ಓಡಿಬಂದಳು. ಸೆರಗು ಗಿಡಕ್ಕೆ ಸಿಕ್ಕಿ ಹರಿದಿತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ದೇವೇಂದ್ರ, ಕೊಲ್ತಾರೆ ಕಣೋ! ಅವ್ರನ್ನ ಕೊಂದೇ ಬಿಡ್ತಾರೆ!"

"ಒಪ್ಕೊಂಡ್ರೆ ಬಿಡ್ತಾರೆ ಅತ್ತೆ. ಮಾವಂಗೆ ಒಪ್ಕೊಳ್ಳಕ್ಕೆ ಹೇಳು."

"ಒಪ್ತಾ ಇಲ್ಲ! ಹೋದ ಸಲ ಮಾಡ್ದೇ ಇರೋದ್ನ ಒಪ್ಕೊಂಡು ಕೈಯೂ ಹೋಯ್ತು, ಮಾನಾನೂ ಹೋಯ್ತು, ಈ ಸಲ ಸತ್ರೂ ಒಪ್ಪಲ್ಲ ಅಂತಿದಾರೆ. ಒಪ್ಪೋ ತನ್ಕ ಇವ್ರು ಬಿಡಲ್ಲ." ಅವಳು ಅವನ ಅಂಗಿ ಹಿಡಿದು ಜಗ್ಗಿದಳು. "ನೀ ನೋಡಿದೀಯ ಅಂತ ಹೇಳಿ ಹೊಡೀತಾ ಇದಾರೆ. ನೋಡಿದ್ಯ? ನನ್ ಮುಖ ನೋಡಿ ಹೇಳು. ನೋಡಿದ್ಯ?"

ದೇವೇಂದ್ರ ಅವಳ ಮುಖ ನೋಡಲಿಲ್ಲ. ಗೋಣಿ ಬಿಟ್ಟು ಕಣದ ಕಡೆಗೆ ಓಡಿದ. ಓಡುವಾಗ ಅವನಿಗೆ ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು, ಅದೂ ಮುದುಕನ ಮೇಲೆ. ಒಪ್ಪಿಕೊಂಡು ಮುಗಿಸಬಾರದಾ ಇವನು?

ಪಲ್ಪರ್ ಮನೆಯ ಮುಂದಿನ ಸಿಮೆಂಟ್ ಕಣದಲ್ಲಿ ಕಾಫಿ ಒಣಗಲು ಹರಡಿತ್ತು. ಅದರ ನಡುವೆ ತಮ್ಮಯ್ಯ ಬಿದ್ದಿದ್ದ. ಹೊರಳಾಡಿದ ಜಾಗದಲ್ಲೆಲ್ಲ ಕಾಫಿ ಚೆದುರಿ, ಬೀಜದ ಮೇಲೆ ರಕ್ತ ಅಂಟಿತ್ತು. ಬಾಯಿಯ ಒಂದು ಕಡೆ ಒಡೆದು ಊದಿತ್ತು. ಕಾಫಿ ಎಳೆಯುವ ಹಲಗೆಯ ಉದ್ದನೆಯ ಹಿಡಿಯನ್ನು ಕಳಚಿ ಕೈಯಲ್ಲಿ ಹಿಡಿದಿದ್ದ ದಾಸಯ್ಯ ಏದುಸಿರು ಬಿಡುತ್ತಿದ್ದ. ಇನ್ನಿಬ್ಬರು ಆಳುಗಳು ಮುದುಕನ ಕಾಲು ಒತ್ತಿ ಹಿಡಿದಿದ್ದರು. ದಾಸಯ್ಯ ಕೆಟ್ಟವನಲ್ಲ. ಅವನ ಹೆಂಡತಿ ಕ್ಯಾಂಪಿನಲ್ಲಿ ಅಡಿಗೆ ಮಾಡುತ್ತಿದ್ದಳು, ಹಿಡಿದಿದ್ದ ಇಬ್ಬರ ತಮ್ಮಂದಿರೂ ಅಲ್ಲೇ ದೋಣಿ ನಡೆಸುತ್ತಿದ್ದರು. ಒಬ್ಬ ಮುದುಕನ ನಾಲಿಗೆ ಚಪಲಕ್ಕೆ ಎಲ್ಲರ ಅನ್ನ ಹೋಗುತ್ತದೆ ಎಂದು ಅವರು ನಿಜವಾಗಿಯೂ ನಂಬಿದ್ದರು. ನಂಬಿದವನ ಏಟು ಗಟ್ಟಿ.

"ಹೊಳೆಮತ್ತಿ ಮರದ ಹತ್ರ ಕಾರೆಕಾಯಿ ಹಾಕಿದ್ಯೋ ಇಲ್ವೋ?"

"ಇಲ್ಲ."

ಏಟು ಪಕ್ಕೆಗೆ ಬಿತ್ತು. ಒಳಗೆ ಏನೋ ಲಟಕ್ಕೆಂದದ್ದು ಕಣದ ಅಂಚಿನಲ್ಲಿದ್ದ ದೇವೇಂದ್ರನಿಗೂ ಕೇಳಿಸಿತು.

"ಹರಿಯೋ ನೀರಲ್ಲಿ... ಕಾರೆಕಾಯಿ ನಿಲ್ಲಲ್ಲ ದಾಸಯ್ಯ" ಎಂದ ತಮ್ಮಯ್ಯ, ಉಸಿರು ಎಳೆದುಕೊಳ್ಳುತ್ತ. "ದೇವೇಂದ್ರನ್ನ ಕೇಳು, ಅವನಿಗೆ ಗೊತ್ತು."

ಜಯದೇವಪ್ಪನವರು ಪಲ್ಪರ್ ಮನೆಯ ನೆರಳಿನಲ್ಲಿ ನಿಂತು ಗಡಿಯಾರ ನೋಡುತ್ತಿದ್ದರು. ದಾಸಯ್ಯ ಮತ್ತೆ ಕೋಲೆತ್ತಿದ. ಈ ಸಲ ಗುರಿ ತಲೆಯ ಕಡೆಗಿತ್ತು. ದೇವೇಂದ್ರ ಹಾರಿ ಹೋಗಿ ಕೋಲು ಹಿಡಿದುಕೊಂಡ.

"ಮಾವ ಏನೂ ಮಾಡಿಲ್ಲ! ಮೀನು ಕಟ್ಟಿದ್ದು ನಾನು. ಫೋಟೋಕ್ಕೆ ಅಂತ ಬೇರಿಗೆ ಕಟ್ಟಿಹಾಕಿದ್ದೆ. ಬೆಳಿಗ್ಗೆ ಪಲ್ಪರ್ ನೀರು ಬಂದು ಸತ್ತೋಯ್ತು. ಬಿಡು ದಾಸಯ್ಯ, ಬಿಟ್ಬಿಡು!"

ಜಯದೇವಪ್ಪನವರು ನೆರಳಿನಿಂದ ಹೊರಗೆ ಬಂದರು.

"ನೋಡಿದ್ಯ ದಾಸಯ್ಯ? ಒಂದೇ ಲೈನಿನವರಲ್ವಾ, ಕರುಳು ಚುರ್ ಅಂತು. ಬೆಳಿಗ್ಗೆ ನನ್ನ ಮುಂದೆ ಕಾರೆಕಾಯಿ ಅಂತ ಒಪ್ಪಿದವ್ನು ಈಗ ಮಾವನ್ನ ಉಳಿಸಕ್ಕೆ ತನ್ನ ತಲೆ ಮೇಲೆ ಹಾಕ್ಕೊಳ್ತಾನೆ. ನಿನ್ನ ಹೆಂಡತಿ ಕೆಲಸ ಹೋದ್ರೆ ಇವನಿಗೇನು?" ಆಮೇಲೆ ದನಿ ತಗ್ಗಿಸಿ, "ಮೇಡಂ ಬರೋ ಹೊತ್ತಾಯ್ತು. ಎಲ್ಲಾರ ಬಾಯಲ್ಲೂ ಒಂದೇ ಮಾತು ಇರ್ಬೇಕು" ಎಂದರು.

ದಾಸಯ್ಯ ದೇವೇಂದ್ರನನ್ನು ನೋಡಿದ. "ಬೆಳಿಗ್ಗೆ ಹ್ಞೂಂ ಅಂದಿದ್ದು ಹೌದಾ?"

"ಅಂದೆ. ಆದ್ರೆ..."

ಮೊದಲ ಏಟು ಬೆನ್ನಿಗೆ ಬಿತ್ತು. ದೇವೇಂದ್ರ ಮುಗ್ಗರಿಸಿ ಕಾಫಿಯ ಮೇಲೆ ಬಿದ್ದ. ಕಾಲು ಹಿಡಿದಿದ್ದ ಆಳುಗಳು ಮುದುಕನನ್ನು ಬಿಟ್ಟು ಇವನನ್ನು ಹಿಡಿದರು. "ತಮ್ಮಯ್ಯ ಹಾಕಿದ್ದು ಅಂತ ಹೇಳು. ಮೇಡಂ ಮುಂದೆ ಹಾಗೇ ಹೇಳ್ತೀನಿ ಅನ್ನು. ಬಿಡ್ತೀನಿ" ಎಂದ ದಾಸಯ್ಯ. ದೇವೇಂದ್ರ ಇಲ್ಲ ಎಂದ. ಎರಡನೆಯ ಏಟು ಮೊಣಕೈಯ ಮೂಳೆಗೆ ಬಿದ್ದು ಬೆರಳುಗಳೆಲ್ಲ ಮರಗಟ್ಟಿದವು. ಅವನು ಇಷ್ಟು ವರ್ಷ ಹೊಡೆದವನೇ ಹೊರತು ಹೊಡೆಸಿಕೊಂಡವನಲ್ಲ. ನೋವು ಇಷ್ಟು ಇರುತ್ತದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಮೂರನೆಯದು ಕಾಲಿನ ಹರಡಿಗೆ ಬಿತ್ತು, ಕಣ್ಣ ಮುಂದೆ ಹಗಲೇ ಹೋಗಿ ಕತ್ತಲಾಯಿತು. ಆ ಕತ್ತಲೆಯಲ್ಲಿ ಒಂದೇ ಯೋಚನೆ ಉಳಿದಿತ್ತು, ನಾಲ್ಕನೆಯದು ಬೀಳಬಾರದು.

"ತಮ್ಮಯ್ಯನೇ" ಎಂದು ಅರಚಿದ. "ಅವ್ನೇ ಹಾಕಿದ್ದು. ನಾನ್ ನೋಡ್ದೆ. ಬಿಡಿ, ಬಿಟ್ಬಿಡಿ!"

ಏಟು ನಿಂತಿತು.

ಕಣ್ಣು ತೆರೆದಾಗ ಎದುರಿಗೆ ತಮ್ಮಯ್ಯನ ಮುಖವಿತ್ತು. ಇಬ್ಬರ ನಡುವೆ ಎರಡು ಮಾರು ಜಾಗ, ಅಷ್ಟೇ. ಮುದುಕ ಪಕ್ಕಕ್ಕೆ ಹೊರಳಿ ಮಲಗಿ ಅವನನ್ನೇ ನೋಡುತ್ತಿದ್ದ. ಸಿಟ್ಟಿರಲಿಲ್ಲ.

"ಮೂರಕ್ಕೆ ಒಪ್ದೆ" ಎಂದ ತಮ್ಮಯ್ಯ. "ನಾನು ಹೋದ ವರ್ಷ ನಾಲ್ಕು ತಡ್ಕೊಂಡಿದ್ದೆ ಮಗ."

ದೇವೇಂದ್ರನಿಗೆ ಆಗ ನೆನಪಾಯಿತು. ಹೋದ ವರ್ಷವೂ ಜನವರಿಯೇ. ಹೋದ ವರ್ಷವೂ ಅಜ್ಜಿಗುಂಡಿಯ ನೀರು ಕಂದಾಗಿತ್ತು, ಬಂಡೆ ಸಂದಿಯಲ್ಲಿ ನೊರೆ ನಿಂತಿತ್ತು, ಇದೇ ಹುಳಿ ವಾಸನೆ ಮೂಗಿಗೆ ಬಡಿದಿತ್ತು. ಅವನಿಗೆ ಮೂಗಿರಲಿಲ್ಲವೇ? ಇತ್ತು. ಧಣಿಯ ಮೆಚ್ಚುಗೆ ಬೇಕಿತ್ತು, ದೊಣ್ಣೆ ಕೈಯಲ್ಲಿತ್ತು, ಮುದುಕ ಒಪ್ಪಿಕೊಂಡ, ಸತ್ಯ ಸಿಕ್ಕಿತು ಎಂದುಕೊಂಡಿದ್ದ. ಏಟಿಗೆ ಸಿಗುವ ಸತ್ಯ ಎಂಥದ್ದೆಂದು ಈಗಷ್ಟೇ ಅವನ ಬಾಯಿಂದಲೇ ಹೊರಬಿದ್ದಿತ್ತು.

ಇಲಾಖೆಯ ಜೀಪು ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮೊದಲೇ ಬಂತು. ದಾರಿಯಲ್ಲಿ ಸಿದ್ದಮ್ಮ ಅಡ್ಡ ನಿಂತು ಕೂಗಿದ್ದರಿಂದ ಅರುಣಾ ಮೇಡಂ ಕ್ಯಾಂಪಿಗೆ ಹೋಗದೆ ನೇರ ಕಣಕ್ಕೇ ಬಂದಿದ್ದರು. ನೆಲದ ಮೇಲಿದ್ದ ಇಬ್ಬರನ್ನೂ ನೋಡಿ ಅವರು ಜೀಪಿನಿಂದ ಧುಮುಕಿದರು.

"ಏನಿದು? ಯಾರು ಹೊಡೆದಿದ್ದು ಇವರನ್ನ?"

"ಕಳ್ಳನ್ನ ಹಿಡಿದಿದ್ದೀವಿ ಮೇಡಂ" ಎಂದರು ಜಯದೇವಪ್ಪನವರು. "ಕಾರೆಕಾಯಿ ಹಾಕಿ ಮಹಶೀರ್ ಕೊಂದಿದಾನೆ. ಜನಕ್ಕೆ ಸಿಟ್ಟು ಬಂದು ಒಂದೆರಡು ಏಟು ಹಾಕಿದ್ರು. ನಮ್ಮ ವಾಚರೇ ನೋಡಿದಾನೆ. ಹೇಳೋ ದೇವೇಂದ್ರ."

ದೇವೇಂದ್ರ ಎದ್ದು ನಿಲ್ಲಲು ಹೋದ. ಹರಡು ಊದಿ ಕಾಲು ಊರಲಾಗಲಿಲ್ಲ. ಮಂಡಿಯ ಮೇಲೆ ಕೂತ. ಜಯದೇವಪ್ಪನವರು ಅವನನ್ನೇ ನೋಡುತ್ತಿದ್ದರು, ದಾಸಯ್ಯನ ಕೈಯಲ್ಲಿ ಕೋಲು ಹಾಗೇ ಇತ್ತು. ಮೇಡಂ ಹೋದ ಮೇಲೆ ಆ ಕೋಲು ಇಲ್ಲೇ ಇರುತ್ತದೆ ಎನ್ನುವುದೂ ಅವನಿಗೆ ಗೊತ್ತಿತ್ತು.

"ಮೀನಿನ ದವಡೆ ನೋಡಿ ಮೇಡಂ" ಎಂದ. "ಹೊಳೆ ದಾರಿಲಿ ಗೋಣಿ ಮೇಲಿದೆ. ಚೂರಿಲಿ ಮಾಡಿದ ತೂತು ಇದೆ, ಮೀನು ಹಗ್ಗ ಜಗ್ಗಿ ಹರ್ಕೊಂಡಿದೆ. ಹಗ್ಗ ಹೊಳೆಮತ್ತಿ ಮರದ ಹತ್ರ ಪೊದೆಲಿ ಬಿಸಾಕಿದೀನಿ. ಕಟ್ಟಿದ್ದು ನಾನು. ನೀರು ಈ ಪಲ್ಪರ್ ಮನೆದು, ಬೆಳಿಗ್ಗೆ ಗುಂಡಿ ಒಡ್ಸಿ ಬಿಟ್ಟಿದ್ದು. ನೊರೆ ಇನ್ನೂ ಹೋಗಿಲ್ಲ, ನೋಡಿ. ಮಾವ ಹೊಳೆ ಕಡೆಗೇ ಬಂದಿಲ್ಲ."

"ಮೂರು ನಿಮಿಷದ ಹಿಂದೆ ಬೇರೆ ಹೇಳ್ತಿದ್ದ ಮೇಡಂ ಇವ್ನು" ಎಂದರು ಜಯದೇವಪ್ಪನವರು.

"ಹೊಡೆದ್ರೆ ಅದನ್ನೇ ಹೇಳ್ತೀನಿ. ಯಾರು ಹೊಡೆದ್ರೂ ಯಾರ ಹೆಸ್ರು ಬೇಕಾದ್ರೂ ಹೇಳ್ತೀನಿ" ಎಂದ ದೇವೇಂದ್ರ. ಈಗ ಅವನು ಅಳುತ್ತಿದ್ದ. "ಹೋದ ವರ್ಷದ್ದೂ ಬರ್ಕಳಿ ಮೇಡಂ. ಅಜ್ಜಿಗುಂಡಿಲಿ ಆರು ಮೀನು ಸತ್ತಿದ್ದು ಈ ನೀರಿಂದ್ಲೇ. ಮಾವನ ಕೈ ಮುರ್ದು ಒಪ್ಸಿದ್ದು ನಾನು. ಆ ಹೆಬ್ಬೆಟ್ಟು ಸುಳ್ಳು."

ಜೀಪಿನ ಡ್ರೈವರ್ ಹೋಗಿ ಗೋಣಿ ಎಳೆದು ತಂದ. ಅರುಣಾ ಮೇಡಂ ಬಗ್ಗಿ ಮೀನಿನ ಬಾಯಿ ಬಿಡಿಸಿ ನೋಡಿದರು. ಹರಿದ ತೂತಿನಲ್ಲಿ ನೂಲಿನ ಎರಡು ಎಳೆ ಸಿಕ್ಕಿಕೊಂಡಿತ್ತು. ದಾಸಯ್ಯನೂ ಹೆಗಲ ಮೇಲಿಂದ ಬಗ್ಗಿ ನೋಡಿದ. ನೋಡಿದವನು ಕೋಲನ್ನು ಕೆಳಗೆ ಬಿಟ್ಟ.

"ಇದನ್ನೆ... ಇದನ್ನ ಬೆಳಿಗ್ಗೆನೇ ಹೇಳಕ್ಕಾಗಿರ್ಲಿಲ್ವೇನೋ ನಿಂಗೆ?" ಎಂದ ದಾಸಯ್ಯ, ದೇವೇಂದ್ರನ ಕಡೆ ತಿರುಗಿ.

"ಬರೆಯೋದು ಆಮೇಲೆ" ಎಂದರು ಅರುಣಾ ಮೇಡಂ. "ಮೊದಲು ಈ ಹಿರಿಯರನ್ನ ಜೀಪಿಗೆ ಹಾಕಿ. ಪರ್ಮಿಟ್ ಇವತ್ತೇ ರದ್ದು ಮಾಡಿ ಬರೀತೀನಿ ಜಯದೇವಪ್ಪನವರೇ. ಪೊಲೀಸಿಗೂ ಫೋನ್ ಮಾಡ್ತೀನಿ. ನೀವು ಇಲ್ಲೇ ಇರಿ." ಜಯದೇವಪ್ಪನವರು ಆಗಲೇ ಕಿವಿಗೆ ಫೋನ್ ಹಿಡಿದು ಯಾರೋ ದೊಡ್ಡವರನ್ನು ಅಣ್ಣಾ ಅಣ್ಣಾ ಎಂದು ಕರೆಯುತ್ತಿದ್ದರು.

ದೇವೇಂದ್ರ ಮಂಡಿಯ ಮೇಲೆ ತೆವಳಿಕೊಂಡು ತಮ್ಮಯ್ಯನ ಹತ್ತಿರ ಹೋದ. ಅವನ ತೋಳಿನ ಕೆಳಗೆ ಕೈ ಹಾಕಿ, "ಮಾವ, ನಿಧಾನ, ನನ್ ಹೆಗಲು ಹಿಡ್ಕೋ" ಎಂದ.

ತಮ್ಮಯ್ಯ ಆ ಕೈಯನ್ನು ನೋಡಿದ. ಮುರಿದು ಸೊಟ್ಟಗೆ ಕೂಡಿಕೊಂಡ ತನ್ನ ಎಡಗೈಯಿಂದ ಅದನ್ನು ಪಕ್ಕಕ್ಕೆ ಸರಿಸಿದ. ಬಲವಿರಲಿಲ್ಲ, ಆದರೂ ಸರಿಸಿದ.

"ದಾಸಯ್ಯ, ನೀ ಬಾ" ಎಂದ. "ನೀ ಎತ್ತು."

ದಾಸಯ್ಯ ಒಂದು ಹೆಜ್ಜೆ ಹಿಂದೆ ಸರಿದ. "ನಾನಾ? ಅಣ್ಣ, ನಾನೇ ಅಲ್ವಾ ನಿನ್ನ..."

"ನೀ ಗೊತ್ತಿಲ್ದೆ ಹೊಡ್ದೆ. ಬಾ." ಉಸಿರಿಗಾಗಿ ಸ್ವಲ್ಪ ನಿಲ್ಲಿಸಿ ಮುದುಕ ದೇವೇಂದ್ರನಿಗೆ ಹೇಳಿದ: "ನಿಂಗೆ ಗೊತ್ತಿತ್ತು."

ದಾಸಯ್ಯ ಅಳುತ್ತ ಬಂದು, ತಾನೇ ಮುರಿದ ಪಕ್ಕೆಗೆ ನೋವಾಗದ ಹಾಗೆ ಒಂದು ಕೈ ಬೆನ್ನಿಗೆ, ಒಂದು ಕೈ ಮಂಡಿಗೆ ಕೊಟ್ಟು ಎತ್ತಿಕೊಂಡ. ತಮ್ಮಯ್ಯ ಅವನ ಕೊರಳಿಗೆ ತೋಳು ಹಾಕಿಕೊಂಡ. ಸಿದ್ದಮ್ಮ ಗಂಡನ ತಲೆಗೆ ಸೆರಗು ಹಿಡಿದು ಪಕ್ಕದಲ್ಲೇ ನಡೆದಳು. ದೇವೇಂದ್ರನನ್ನು ದಾಟುವಾಗ ಅವಳು ಅವನ ಕಡೆ ತಿರುಗಲಿಲ್ಲ. ಜೀಪು ಕಳಸದ ದಾರಿ ಹಿಡಿಯಿತು. ದೇವೇಂದ್ರ ಕಣದಲ್ಲೇ ಕೂತಿದ್ದ. ಅವನ ಕಾಲಿಗೂ ಡಾಕ್ಟರು ಬೇಕಾಗಿತ್ತು, ಆದರೆ ಯಾರೂ ಅವನನ್ನು ಬಾ ಎನ್ನಲಿಲ್ಲ.